ಬಿದ್ದರೂ ಮೀಸೆ ಮಣ್ಣಾಗಲಿಲ್ಲವೇ? ಬೈಕಿನ ಮುಜುಗರಗಳಿಂದ ಕಲಿಯಬೇಕಾದ ಪಾಠ



ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ ಇವುಗಳ ಬಗ್ಗೆ ಬರೆಯಬೇಕಾದ ಈ ಪುಟಗಳಲ್ಲಿ ಮೋಟಾರು ಸೈಕಲ್ಲಿನ ವಿಷಯ ಏಕೆ ಬಂತು ಎಂದು ಕೆಲವರು ಕೇಳಬಹುದು. ಕಾರಣ ಸರಳವಾಗಿದೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಜೀಪು, ಪಿಕಪ್ ಇರುವವರು ಕೆಲವರು ಮಾತ್ರ. ಬೈಕು ಮಾತ್ರ ಮನೆಮನೆಗೂ ಇದೆ. ತೋಟಕ್ಕೆ, ಪೇಟೆಗೆ, ಸೊಸೈಟಿಗೆ, ಮದುವೆ ಮುಂಜಿಗೆ, ಆಸ್ಪತ್ರೆಗೆ ಎಲ್ಲದಕ್ಕೂ ಅದೇ. ಕತ್ತಿ, ದೋಟಿಗಳಂತೆ ಬೈಕು ಕೂಡ ಈಗ ನಮ್ಮ ಕೃಷಿಯ ಒಂದು ಸಲಕರಣೆ. ಸಲಕರಣೆ ಎಂದ ಮೇಲೆ ಅದನ್ನು ಬಳಸುವ ಕ್ರಮವನ್ನೂ ಕಲಿಯಬೇಕಾಗುತ್ತದೆ.

ಹೆದ್ದಾರಿಯಲ್ಲಿ ಆಗುವ ದೊಡ್ಡ ಅಪಘಾತಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ನಾವು ಇಲ್ಲಿ ಹೇಳಹೊರಟಿರುವುದು ಪತ್ರಿಕೆಗೆ ಬಾರದ, ಮನೆಯವರಿಗೂ ಹೇಳದ ಸಣ್ಣ ಸಣ್ಣ ಅವಘಡಗಳ ಬಗ್ಗೆ. ನಿಂತಲ್ಲೇ ಬೀಳುವುದು, ಹೆಂಡತಿಯನ್ನು ದಣಪೆಯ ಬಳಿ ಬಿಟ್ಟು ಹೋಗುವುದು, ಬೇರೆಯವರ ಗಾಡಿ ಹತ್ತಿಕೊಂಡು ಬರುವುದು ಇಂಥವು. ಕೇಳಿದವರು ನಗುತ್ತಾರೆ. ನಗುತ್ತಾರೆಂದೇ ಆದವರು ಹೇಳುವುದಿಲ್ಲ. ಹೇಳದ್ದರಿಂದ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಪಾಠವಾಗುವುದಿಲ್ಲ. ತೋಟದಲ್ಲಿ ಒಬ್ಬರ ಗಿಡಕ್ಕೆ ಹುಳ ಬಿದ್ದರೆ ಮರುದಿನವೇ ಸುತ್ತಲಿನವರಿಗೆ ಗೊತ್ತಾಗುತ್ತದೆ. ಬೈಕಿನಿಂದ ಬಿದ್ದದ್ದು ಮಾತ್ರ ಗೊತ್ತಾಗುವುದಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆ ಇಂಥ ಸವಾರರಿಗೂ ಒಪ್ಪುತ್ತದೆ.

ಸೊಸೈಟಿಯ ಜಗಲಿಯಲ್ಲಿ ವರ್ಷಗಟ್ಟಲೆ ಕೇಳಿದ ಮಾತುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ಕೊಟ್ಟಿದ್ದೇವೆ. ಯಾರ ಹೆಸರನ್ನೂ ಬರೆದಿಲ್ಲ.

1. ನಿಂತಲ್ಲೇ ಬೀಳುವುದು

ಹೆಚ್ಚಿನವರು ಬೀಳುವುದು ವೇಗದಿಂದಲ್ಲ, ವೇಗ ಇಲ್ಲದ್ದರಿಂದ. ಓಡುತ್ತಿರುವ ಗಾಡಿ ತನ್ನ ಓಟದಿಂದಲೇ ನೆಟ್ಟಗೆ ನಿಲ್ಲುತ್ತದೆ. ನಡಿಗೆಯ ವೇಗಕ್ಕೆ ಇಳಿದಾಗ ಆ ಗುಣ ಹೋಗಿ, ಪೂರ್ತಿ ಭಾರ ಸವಾರನ ಕಾಲಿಗೆ ಬರುತ್ತದೆ. 100 ಸಿ.ಸಿ.ಯ ಸಾಧಾರಣ ಬೈಕು ಸುಮಾರು 110 ಕಿಲೋ ತೂಗುತ್ತದೆ. ಬುಲೆಟ್ಟಾದರೆ 190 ಕಿಲೋದ ಹತ್ತಿರ. ಇಷ್ಟು ಭಾರ ಒಂದು ಕಡೆ ವಾಲಿದ ಮೇಲೆ ಯಾವ ಬಲಶಾಲಿಗೂ ತಡೆಯುವುದು ಕಷ್ಟ.

ನಮ್ಮ ಕಡೆ ಇದು ಆಗುವ ಜಾಗ ಗೊತ್ತೇ ಇದೆ. ತೋಟದ ಏರುದಾರಿಯಲ್ಲಿ ತಿರುಗಿಸಿಕೊಳ್ಳಲು ಹೋಗುತ್ತೇವೆ. ಮಧ್ಯದಲ್ಲಿ ಎಂಜಿನ್ ಆಫ್ ಆಗುತ್ತದೆ. ಕಾಲು ಊರಲು ನೋಡಿದರೆ ಆ ಬದಿಯಲ್ಲಿ ನೆಲ ತಗ್ಗು. ಕಾಲಿಗೆ ನೆಲವೇ ಸಿಗುವುದಿಲ್ಲ. ಗಾಡಿ ನಿಧಾನವಾಗಿ, ಮರ್ಯಾದೆಯಿಂದ, ಸವಾರನನ್ನೂ ಕರೆದುಕೊಂಡು ಮಲಗುತ್ತದೆ. ಕಾಫಿ ಕೊಯ್ಯುವ ಹತ್ತು ಜನ ಹೆಂಗಸರು ಅಲ್ಲಿಯೇ ಇರುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪರಿಹಾರ: ಏರಿನಲ್ಲಿ ತಿರುಗಿಸುವಾಗ ಮುಂದಿನ ಬ್ರೇಕನ್ನು ಮುಟ್ಟಬಾರದು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಒಳಬದಿಗೆ ಮಗುಚುತ್ತದೆ. ಒಂದನೆಯ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಟ್ಟು, ಹಿಂದಿನ ಬ್ರೇಕಿನಿಂದ ಹದಮಾಡುತ್ತ, ಎಲ್ಲಿಗೆ ಹೋಗಬೇಕೋ ಆ ಕಡೆ ನೋಡುತ್ತ ತಿರುಗಬೇಕು. ಚಕ್ರದ ಬುಡವನ್ನೇ ನೋಡುತ್ತಿದ್ದರೆ ಬೀಳುವುದು ಖಂಡಿತ. ನಿಲ್ಲಿಸಲೇಬೇಕಾದರೆ ದಿಬ್ಬದ ಬದಿಗೆ ಕಾಲು ಕೊಡಬೇಕು. ಅನುಮಾನವಿದ್ದರೆ ಇಳಿದು ತಳ್ಳಿ ತಿರುಗಿಸುವುದೇ ಲೇಸು. ತಳ್ಳಿದರೆ ಯಾರೂ ನಗುವುದಿಲ್ಲ.

ಗಾಡಿ ವಾಲಿ ಕೈಮೀರಿತೆಂದು ಅನಿಸಿದ ಕೂಡಲೇ ಬಿಟ್ಟುಬಿಡಬೇಕು, ಕಾಲನ್ನು ಹೊರಗೆ ತೆಗೆಯಬೇಕು. ಟ್ಯಾಂಕಿನ ಬಣ್ಣ ಹಾಳಾಗುತ್ತದೆಂದು ಕೊನೆಯವರೆಗೂ ಹಿಡಿದುಕೊಂಡವರಿಗೆ ಭುಜ, ಸೊಂಟ ಹೋದದ್ದನ್ನು ನಾವು ಕಂಡಿದ್ದೇವೆ. ಬಣ್ಣಕ್ಕೆ ಪೇಟೆಯಲ್ಲಿ ಪರಿಹಾರ ಇದೆ.

ಸೈಡ್ ಸ್ಟ್ಯಾಂಡಿನ ಕತೆಯೂ ಇದಕ್ಕೆ ಸೇರಿದ್ದೇ. ಮಳೆಗಾಲದಲ್ಲಿ ಅಂಗಳದಲ್ಲಿ ಗಾಡಿ ನಿಲ್ಲಿಸಿ ಜಗಲಿಯಲ್ಲಿ ಕಾಫಿ ಕುಡಿಯುತ್ತಿರುವಾಗ ಸ್ಟ್ಯಾಂಡು ಮಣ್ಣಿನೊಳಗೆ ಇಳಿದು ಗಾಡಿ ಉರುಳುತ್ತದೆ. ಅತಿಥಿಗಳ ಕಾರಿನ ಮೇಲೆ ಉರುಳಿದ ಉದಾಹರಣೆಯೂ ಇದೆ. ಸ್ಟ್ಯಾಂಡಿನ ಅಡಿಗೆ ಒಂದು ಚಪ್ಪಟೆ ಕಲ್ಲು ಅಥವಾ ಹಲಗೆಯ ತುಂಡು ಇಟ್ಟರೆ ಸಾಕು. ಇಳಿಜಾರಿನಲ್ಲಿ ನಿಲ್ಲಿಸುವಾಗ ಗಾಡಿಯ ಮುಖ ಏರಿನ ಕಡೆಗಿರಲಿ, ಒಂದನೆಯ ಗೇರಿನಲ್ಲಿರಲಿ. ಮುಖ ಇಳಿಜಾರಿಗಿದ್ದರೆ ಗಾಡಿ ಮುಂದಕ್ಕೆ ಜರುಗಿ ಸ್ಟ್ಯಾಂಡು ತಾನಾಗಿಯೇ ಮಡಚಿಕೊಳ್ಳುತ್ತದೆ. ಎಡಬದಿಯ ನೆಲ ಎತ್ತರವಿದ್ದರೆ ಗಾಡಿ ಬಲಕ್ಕೆ ಬೀಳುತ್ತದೆ ಎಂಬುದನ್ನೂ ನೆನಪಿಡಬೇಕು.

ಸ್ಟ್ಯಾಂಡನ್ನು ಎತ್ತದೆ ಹೊರಡುವುದು ಇದಕ್ಕಿಂತ ಅಪಾಯ. ಎಡಕ್ಕೆ ತಿರುಗುವಾಗ ಸ್ಟ್ಯಾಂಡು ನೆಲಕ್ಕೆ ತಾಗಿ ಗಾಡಿಯನ್ನೇ ಎತ್ತಿ ಎಸೆಯುತ್ತದೆ. ಈಚಿನ ಹಲವು ಗಾಡಿಗಳಲ್ಲಿ ಸ್ಟ್ಯಾಂಡು ಕೆಳಗಿದ್ದರೆ ಎಂಜಿನ್ ನಿಲ್ಲುವ ವ್ಯವಸ್ಥೆ ಇದೆ. ಹಳೆಯ ಗಾಡಿಗಳಲ್ಲಿ ಎದುರಿಗೆ ಬಂದವರು ಕೈಸನ್ನೆ ಮಾಡಿ ಹೇಳುವುದೇ ವ್ಯವಸ್ಥೆ. ಯಾರಾದರೂ ಹಾಗೆ ಹೇಳಿದರೆ ಮುಖ ಗಂಟಿಕ್ಕಬಾರದು, ಉಪಕಾರ ಎಂದು ತಿಳಿಯಬೇಕು.

2. ಪಾಚಿ, ತರಗೆಲೆ ಮತ್ತು ಸಂಕ

ಮಳೆಗಾಲ ಹಿಡಿದ ಮೇಲೆ ನಮ್ಮ ಸಿಮೆಂಟು ರಸ್ತೆ, ಕಣ, ಅಂಗಳಗಳಿಗೆಲ್ಲ ಪಾಚಿ ಕಟ್ಟುತ್ತದೆ. ನಡೆಯುವವರೇ ಜಾರುವ ಜಾಗದಲ್ಲಿ ಎರಡು ಚಕ್ರದ ಗತಿಯೇನು? ಗಾಡಿಯ ವೇಗ ಗಂಟೆಗೆ 20 ಕಿ.ಮೀ.ಯಿಂದ 40ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಇದು ಒಣ ರಸ್ತೆಯ ಲೆಕ್ಕ. ಪಾಚಿಯ ಮೇಲೆ, ಒದ್ದೆಯಾದ ಸಿಲ್ವರ್ ಎಲೆಯ ಮೇಲೆ ಇನ್ನೂ ಹೆಚ್ಚು.

2019ರ ಏಪ್ರಿಲ್‌ನಿಂದ ಹೊಸ ಬೈಕುಗಳಿಗೆ ಹೊಸ ಬ್ರೇಕಿನ ನಿಯಮ ಬಂದಿದೆ. 125 ಸಿ.ಸಿ.ಗಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯವಾಯಿತು. 125 ಸಿ.ಸಿ.ವರೆಗಿನವು ಹೆಚ್ಚಾಗಿ ಸಿಬಿಎಸ್ ಎಂಬ ಜೋಡಿ ಬ್ರೇಕಿನೊಂದಿಗೆ ಬಂದವು. ಇದರಿಂದ ಒಳ್ಳೆಯದೇ ಆಗಿದೆ, ಆದರೆ ಒಂದು ಮಾತು ತಿಳಿದಿರಬೇಕು. ಜೋಡಿ ಬ್ರೇಕಿನ ಗಾಡಿಯಲ್ಲಿ ಕಾಲಿನ ಬ್ರೇಕ್ ಒತ್ತಿದರೆ ಮುಂದಿನ ಚಕ್ರಕ್ಕೂ ಅಷ್ಟಿಷ್ಟು ಬ್ರೇಕ್ ಬೀಳುತ್ತದೆ. ಜಾರುವ ಕಡೆ ಹಿಂದಿನದನ್ನು ಮಾತ್ರ ಹಿಡಿಯುತ್ತೇನೆ ಎಂಬ ಹಳಬರ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಯಾವ ಬ್ರೇಕೂ ಪಾಚಿಗೆ ಹಿಡಿತ ತಂದುಕೊಡುವುದಿಲ್ಲ. ತಿರುವಿನ ಮೊದಲೇ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸುವುದೊಂದೇ ದಾರಿ.

ಇನ್ನು ಸಂಕದ ವಿಷಯ. ಅಡಕೆ ಮರ ಸೀಳಿ ಹಾಕಿದ ಸಂಕದ ಮೇಲೆ ಬೇಸಗೆಯಲ್ಲಿ ಬೈಕು ಓಡಿಸುವವರು ಮಳೆಗಾಲದಲ್ಲೂ ಓಡಿಸಲು ಹೋಗಿ ಬಸಿಗಾಲುವೆಯಲ್ಲಿ ಗಾಡಿಯ ಜೊತೆ ಕುಳಿತದ್ದು ನಮ್ಮ ಕಡೆ ಹೊಸದೇನಲ್ಲ. ಸೀಳಿದ ಅಡಕೆ ಮರ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಇಳಿದು, ಎಂಜಿನ್ ಆರಿಸಿ, ಇನ್ನೊಬ್ಬರ ಸಹಾಯದಿಂದ ದಾಟಿಸಬೇಕು. ಹಳ್ಳದ ನೀರು ರಸ್ತೆಯ ಮೇಲೆ ಹರಿಯುತ್ತಿದ್ದು ತಳ ಕಾಣದಿದ್ದರೆ ದಾಟಲೇಬಾರದು. ಗಾಡಿ ನೀರಿನಲ್ಲಿ ಮುಳುಗಿದರೆ ಎತ್ತಿದ ಕೂಡಲೇ ಕಿಕ್ ಹೊಡೆಯುವುದು, ಬಟನ್ ಒತ್ತುವುದು ಬೇಡ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಇಂಬಳದ್ದು ಇನ್ನೊಂದು. ಓಡುತ್ತಿರುವಾಗ ಕಾಲಿಗೆ ಇಂಬಳ ಹತ್ತಿದ್ದು ಗೊತ್ತಾಗಿ, ಒಂದು ಕೈ ಬಿಟ್ಟು ಬಗ್ಗಿ ಕೀಳಲು ಹೋಗಿ ಚರಂಡಿ ಸೇರಿದವರಿದ್ದಾರೆ. ಇಂಬಳ ಕುಡಿಯುವ ರಕ್ತ ಸ್ವಲ್ಪ. ಗಾಡಿ ನಿಲ್ಲಿಸುವವರೆಗೆ ಅದು ಕಾಯಲಿ. ಹಾಗೆಯೇ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ ಹೆಲ್ಮೆಟ್ಟನ್ನು ಕೊಡವದೆ ಹಾಕಿಕೊಳ್ಳಬಾರದು. ಒಳಗೆ ಚಗಳಿ ಇರುವೆ, ಜೇಡ, ಚೇಳು ಏನೂ ಇರಬಹುದು.

3. ಹೊರೆ

ಕಾಂಪ್ಲೆಕ್ಸ್ ಗೊಬ್ಬರದ ಒಂದು ಮೂಟೆ 50 ಕಿಲೋ. ಅದನ್ನು ಹಿಂದಿನ ಸೀಟಿನ ತುದಿಗೆ ಕಟ್ಟಿದರೆ ಮುಂದಿನ ಚಕ್ರ ಹಗುರವಾಗುತ್ತದೆ, ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ. ಅದೇ ಗಾಡಿ ದರೆ ಹತ್ತುವಾಗ ಮುಂದಿನ ಚಕ್ರ ಮೇಲೆದ್ದು, ಸವಾರ ಗೊಬ್ಬರದ ಮೇಲೆ ಮಲಗಿ ಆಕಾಶ ನೋಡುವ ಸ್ಥಿತಿ ಬರುತ್ತದೆ. ಮೂಟೆಯನ್ನು ಆದಷ್ಟು ಮುಂದಕ್ಕೆ, ಸವಾರನ ಬೆನ್ನಿಗೆ ತಾಗುವಂತೆ, ರಬ್ಬರ್ ಪಟ್ಟಿಯಿಂದ ಎರಡು ಕಡೆ ಬಿಗಿಯಬೇಕು. ಹಗ್ಗದ ತುದಿ ನೇತಾಡಬಾರದು. ಹಗ್ಗ ಚೈನಿಗೆ ಸಿಕ್ಕಿದರೆ ಹಿಂದಿನ ಚಕ್ರ ಒಮ್ಮೆಲೇ ನಿಂತುಬಿಡುತ್ತದೆ.

ದೋಟಿಯನ್ನು ಅಡ್ಡ ಹಿಡಿದುಕೊಂಡು ಹಿಂದೆ ಕೂರುವುದನ್ನಂತೂ ಕೂಡಲೇ ನಿಲ್ಲಿಸಬೇಕು. ಸವಾರನಿಗೆ ಗಾಡಿಯ ಅಗಲ ಗೊತ್ತಿರುತ್ತದೆಯೇ ಹೊರತು ದೋಟಿಯ ಅಗಲ ಗೊತ್ತಿರುವುದಿಲ್ಲ. ತಿರುವಿನಲ್ಲಿ ಬೇಲಿಗೂಟಕ್ಕೆ ತಾಗಿ ಇಬ್ಬರೂ ಕೆಳಗೆ ಬೀಳುತ್ತಾರೆ. ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರ್ ದೋಟಿಗಳೆರಡರಲ್ಲೂ ವಿದ್ಯುತ್ ಹರಿಯುತ್ತದೆ. ಅದನ್ನು ನೆಟ್ಟಗೆ ಎತ್ತಿ ಹಿಡಿದು ಲೈನಿನ ಕೆಳಗೆ ಹೋದರೆ ಆಗುವುದು ನಗುವ ವಿಷಯವಲ್ಲ. ದೋಟಿಯನ್ನು ಮಡಚಿ, ಗಾಡಿಯ ಉದ್ದಕ್ಕೆ ಕಟ್ಟಿ ಒಯ್ಯಬೇಕು. ಅಷ್ಟು ಉದ್ದದ್ದಾದರೆ ಹೆಗಲ ಮೇಲೆ ಹೊತ್ತು ನಡೆಯಬೇಕು.

4. ಹಿಂದೆ ಕೂತವರು

ದಣಪೆ ತೆಗೆಯಲು ಹೆಂಡತಿ ಇಳಿಯುತ್ತಾರೆ. ಗಾಡಿ ಆಚೆ ದಾಟುತ್ತದೆ. ದಣಪೆ ಹಾಕಿದ ಸದ್ದು ಕೇಳುತ್ತದೆ. ಯಜಮಾನರು ಅದನ್ನೇ ಹತ್ತಿ ಕುಳಿತ ಸದ್ದೆಂದು ತಿಳಿದು ಹೊರಟುಬಿಡುತ್ತಾರೆ. ದಾರಿಯುದ್ದಕ್ಕೂ ಅಡಕೆ ಧಾರಣೆಯ ಬಗ್ಗೆ ಮಾತಾಡುತ್ತಾರೆ. ಉತ್ತರ ಬಾರದಿದ್ದರೂ ಅನುಮಾನ ಪಡುವುದಿಲ್ಲ. ಪೇಟೆಯಲ್ಲಿ ಇಳಿದಾಗ ಹಿಂದಿನ ಸೀಟು ಖಾಲಿ. ಈ ಒಂದೇ ಕತೆಯನ್ನು ನಾವು ಬೇರೆ ಬೇರೆ ಊರಿನ ಎಷ್ಟೋ ಮನೆಗಳಿಂದ ಕೇಳಿದ್ದೇವೆ. ಆದ್ದರಿಂದ ಇದು ಒಬ್ಬರ ಮರೆವಲ್ಲ, ಒಂದು ಸಾಮಾನ್ಯ ದೋಷ ಎಂದೇ ತಿಳಿಯಬೇಕು.

ಇದರಲ್ಲಿ ನಗುವಷ್ಟೇ ಅಲ್ಲ, ಅಪಾಯವೂ ಇದೆ. ಅವರು ಅರ್ಧ ಹತ್ತಿರುವಾಗ, ಒಂದು ಕಾಲು ನೆಲದ ಮೇಲಿರುವಾಗ ಗಾಡಿ ಹೊರಟರೆ ತಲೆ ಹಿಂದಕ್ಕಾಗಿ ಬೀಳುತ್ತಾರೆ. ಹಿಂದೆ ಕೂರುವವರು ಸವಾರನ ಹೆಗಲು ತಟ್ಟಿ “ಕೂತೆ” ಎಂದು ಬಾಯಿಬಿಟ್ಟು ಹೇಳುವವರೆಗೆ ಕ್ಲಚ್ಚು ಬಿಡಬಾರದು. ಇದನ್ನು ಮನೆಯಲ್ಲಿ ಒಂದು ಪದ್ಧತಿಯನ್ನಾಗಿ ಮಾಡಿಕೊಳ್ಳಬೇಕು.

ಸೀರೆಯ ಸೆರಗು, ವೇಲು, ಪಂಚೆಯ ಚುಂಗು, ಮಳೆಕೋಟಿನ ತುದಿ ಇವೆಲ್ಲ ಚಕ್ರಕ್ಕೆ ಸಿಗುವ ವಸ್ತುಗಳು. ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮುಚ್ಚುವ ರಕ್ಷಣೆ, ಕೈಹಿಡಿ, ಕಾಲಿಡುವ ಮೆಟ್ಟು ಇವು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೇ ಹೇಳಿದೆ. ಅಂದಕ್ಕೆ ಅಡ್ಡಿಯೆಂದು ಹುಡುಗರು ಸೀರೆ ಗಾರ್ಡನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ. ಅದೇ ಗಾಡಿಯಲ್ಲಿ ಮರುವಾರ ತಾಯಿಯನ್ನು ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ. ಹಿರಿಯರು ಇದನ್ನು ಗಮನಿಸಬೇಕು.

ಓಡುವ ಗಾಡಿಯ ಮೇಲೆ ಕೊಡೆ ಬಿಚ್ಚುವುದನ್ನು ಯಾವ ಕಾರಣಕ್ಕೂ ಒಪ್ಪಬಾರದು. ಗಾಳಿಗೆ ಕೊಡೆ ಮೇಲಕ್ಕೆ ಮಗುಚಿದರೆ ಹಿಡಿದವರನ್ನೇ ಹಿಂದಕ್ಕೆ ಎಳೆಯುತ್ತದೆ. ಮಳೆ ಬಂದರೆ ಬಸ್‌ಸ್ಟಾಪಿನಲ್ಲಿ ನಿಲ್ಲೋಣ.

5. ಎರವಲು ಗಾಡಿ, ಬದಲಾದ ಗಾಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳನ್ನು ಹಿರಿಯ ಬೆಳೆಗಾರರು ಬಲ್ಲರು. ಅವುಗಳಲ್ಲಿ ಕಿಕ್ ಮತ್ತು ಗೇರು ಎರಡಕ್ಕೂ ಒಂದೇ ಸನ್ನೆ. ಕಿಕ್ ಹೊಡೆದು ಅದನ್ನೇ ಮುಂದಕ್ಕೆ ಮಡಚಿದರೆ ಗೇರು. ಗೊತ್ತಿಲ್ಲದವರು ಎರವಲು ತಂದು, ಸ್ಟಾರ್ಟ್ ಮಾಡಿದ ಮೇಲೆ ಗೇರಿನ ಸನ್ನೆಗಾಗಿ ಗಾಡಿಯ ಸುತ್ತ ಹುಡುಕಿದ್ದುಂಟು.

ಹಳೆಯ ಬುಲೆಟ್ಟಿನ ವಿಷಯ ಹುಡುಕಾಟದಲ್ಲಿ ಮುಗಿಯುವುದಿಲ್ಲ. ಅದರಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಬೇರೆ ಗಾಡಿ ಓಡಿಸಿ ಅಭ್ಯಾಸವಾದವರು ದನ ಅಡ್ಡ ಬಂದಾಗ ಬಲಗಾಲು ಒತ್ತುತ್ತಾರೆ. ಬ್ರೇಕ್ ಬೀಳುವ ಬದಲು ಗೇರು ಬದಲಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಇಂದಿನ ಗಾಡಿಗಳಲ್ಲಿಯೂ ಮುಂಗಾಲಿನಲ್ಲಿ ಒತ್ತಿದರೆ ಕೆಲವದರಲ್ಲಿ ಗೇರು ಏರುತ್ತದೆ, ಕೆಲವದರಲ್ಲಿ ಇಳಿಯುತ್ತದೆ. ಏರುತ್ತದೆಂದು ಒತ್ತಿದ್ದು ಇಳಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಅಡ್ಡ ಜಾರುತ್ತದೆ.

ಗಾಬರಿಯಾದಾಗ ಕೆಲಸ ಮಾಡುವುದು ಬುದ್ಧಿಯಲ್ಲ, ಕಾಲಿನ ಅಭ್ಯಾಸ. ಆದ್ದರಿಂದ ಬೇರೆಯವರ ಗಾಡಿ ತೆಗೆದುಕೊಳ್ಳುವಾಗ ಅಂಗಳದಲ್ಲಿ ಹತ್ತು ನಿಮಿಷ ಓಡಿಸಿ, ನಾಲ್ಕು ಸಲ ಬ್ರೇಕ್ ಹಿಡಿದು ನೋಡಬೇಕು. ಗಾಡಿ ಕೊಡುವವರೂ “ಇದರ ಗೇರು ಹೀಗೆ, ಬ್ರೇಕು ಹೀಗೆ” ಎಂದು ಹೇಳಿಯೇ ಕೊಡಬೇಕು.

ಮದುವೆ ಛತ್ರದ ಎದುರು ಒಂದೇ ಬಣ್ಣದ, ಒಂದೇ ಕಂಪನಿಯ ಹತ್ತಾರು ಗಾಡಿಗಳು ಸಾಲಾಗಿ ನಿಂತಿರುತ್ತವೆ. ಸವೆದ ಬೀಗಕ್ಕೆ ಸವೆದ ಕೀಲಿ ಯಾವುದಾದರೂ ಹಿಡಿಯುತ್ತದೆ. ಊಟ ಮುಗಿಸಿ ಬಂದವರು ಇನ್ನೊಬ್ಬರ ಗಾಡಿಯಲ್ಲಿ ಮನೆ ಸೇರಿ, ಅತ್ತ ಕಳ್ಳತನದ ದೂರು ಬರೆಸುವ ಹಂತಕ್ಕೆ ಹೋದದ್ದಿದೆ. ಹೊರಡುವ ಮೊದಲು ನಂಬರ್ ಪ್ಲೇಟ್ ನೋಡುವುದಕ್ಕೆ ಖರ್ಚಿಲ್ಲ. ಸವೆದ ಬೀಗವನ್ನು ಬದಲಾಯಿಸುವುದು ಇನ್ನೂ ಉತ್ತಮ.

6. ಹೊರಡದ ಗಾಡಿ

ಬೆವರು ಸುರಿಸಿ ಅರ್ಧ ಗಂಟೆ ಕಿಕ್ ಹೊಡೆದ ಮೇಲೆ ಆರನೆಯ ತರಗತಿಯ ಹುಡುಗ ಬಂದು ಬಲಗೈಯ ಕೆಂಪು ಸ್ವಿಚ್ಚನ್ನು ತಿರುಗಿಸಿ ಸ್ಟಾರ್ಟ್ ಮಾಡಿಕೊಡುತ್ತಾನೆ. ಇಂಥ ಪ್ರಸಂಗ ಬಾರದಿರಲು ಐದು ನೋಟ ಸಾಕು: ಕೀಲಿ, ಕೆಂಪು ಸ್ವಿಚ್ಚು, ಪೆಟ್ರೋಲು, ನ್ಯೂಟ್ರಲ್, ಸ್ಟ್ಯಾಂಡು. ಇದೇ ಕ್ರಮದಲ್ಲಿ ನೋಡಿದ ಮೇಲೆಯೇ ಮೆಕ್ಯಾನಿಕ್ಕನ್ನು ಕರೆಯಬೇಕು.

2020ರ ಏಪ್ರಿಲ್‌ನ ನಂತರ ಬಂದ ಬಿಎಸ್-6 ಗಾಡಿಗಳಲ್ಲಿ ಸಾಮಾನ್ಯವಾಗಿ ಕಾರ್ಬುರೇಟರ್ ಇಲ್ಲ, ರಿಸರ್ವಿಗೆ ತಿರುಗಿಸುವ ಕಾಕ್ ಕೂಡ ಇಲ್ಲ. ಗಾಡಿ ಕೆಮ್ಮಿದಾಗ ಕೈ ಕೆಳಗೆ ಹಾಕಿ ರಿಸರ್ವಿಗೆ ತಿರುಗಿಸಿ ಪೇಟೆ ಮುಟ್ಟುವ ಹಳೆಯ ಲೆಕ್ಕ ಇವುಗಳಲ್ಲಿ ನಡೆಯದು; ಮುಳ್ಳು ಕೆಂಪಿಗೆ ಬಂದಾಗಲೇ ಪೆಟ್ರೋಲು ಹಾಕಿಸಬೇಕು. ಬ್ಯಾಟರಿ ಪೂರ್ತಿ ಇಳಿದಿದ್ದರೆ ಇಂಥ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿದರೂ ಹೊರಡುವುದು ಅನುಮಾನ. ತಳ್ಳಿದವರಿಗೆ ಆಯಾಸ, ಹಿಂದಕ್ಕೆ ಏರಿಸಲು ಇನ್ನೂ ಆಯಾಸ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಅದರ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಮೊದಲು ಹೋಗುವುದು ತಳದಲ್ಲಿದ್ದದ್ದೇ. ಮಳೆಯಲ್ಲಿ ನಿಲ್ಲಿಸುವ ಗಾಡಿಯ ಟ್ಯಾಂಕಿನ ಮುಚ್ಚಳದ ರಬ್ಬರನ್ನೂ, ಅಲ್ಲಿ ನೀರು ಇಳಿದುಹೋಗುವ ಸಣ್ಣ ತೂತನ್ನೂ ವರ್ಷಕ್ಕೊಮ್ಮೆ, ಮಳೆಗೆ ಮೊದಲು ನೋಡಿಕೊಳ್ಳಬೇಕು.

7. ಬಿದ್ದ ಮೇಲೆ

ಈ ಲೇಖನದ ಮುಖ್ಯ ಭಾಗ ಇದು. ಬಿದ್ದವರು ಮೊದಲು ನೋಡುವುದು ತಮ್ಮ ಮೊಣಕಾಲನ್ನಲ್ಲ, ಯಾರಾದರೂ ಕಂಡರೋ ಎಂದು. ಕಂಡಿದ್ದರೆ ದಡಬಡಿಸಿ ಎದ್ದು, ಒಬ್ಬರೇ ಗಾಡಿ ಎತ್ತಿ, “ಏನೂ ಆಗಿಲ್ಲ” ಎಂದು ಹೇಳಿ ಹೊರಟುಬಿಡುತ್ತಾರೆ. ಬಿದ್ದದ್ದರಿಂದ ಆಗುವ ಹಾನಿಗಿಂತ ಈ “ಏನೂ ಆಗಿಲ್ಲ” ಎಂಬ ಮಾತಿನಿಂದ ಆಗುವ ಹಾನಿ ಹಲವು ಸಲ ದೊಡ್ಡದು.

ಅರವತ್ತು ದಾಟಿದ ಒಬ್ಬ ಸದಸ್ಯರು ತಮ್ಮ ಮನೆಯ ದಣಪೆಯ ಹತ್ತಿರವೇ ಜಾರಿ, ಕೈ ಊರಿ ಬಿದ್ದರು. ಮನೆಯಲ್ಲಿ ಹೇಳಿದರೆ ಮಕ್ಕಳು ಇನ್ನು ಬೈಕು ಮುಟ್ಟಗೊಡುವುದಿಲ್ಲ ಎಂಬ ಅಂಜಿಕೆ. ಗಿಡ ಕಸಿ ಮಾಡುವಾಗ ಕೈ ಉಳುಕಿತು ಎಂದರು. ಎಣ್ಣೆ ತಿಕ್ಕಿಸಿದರು, ಪಟ್ಟು ಹಾಕಿಸಿದರು. ಮೂರು ವಾರದ ಮೇಲೆ ಆಸ್ಪತ್ರೆಗೆ ಹೋದಾಗ ಮಣಿಕಟ್ಟಿನ ಮೂಳೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಇಂದು ಅವರು ಆ ಕೈಯಲ್ಲಿ ಕಸಿ ಕತ್ತಿ ಹಿಡಿಯಲಾರರು. ಕಾಫಿ ಗಿಡವನ್ನು ಅವರಷ್ಟು ಚೆನ್ನಾಗಿ ಕಸಿ ಮಾಡುವವರು ಆ ಊರಿನಲ್ಲಿ ಇರಲಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ. “ಹೆಸರು ಬೇಡ, ಕೈಯ ವಿಷಯ ಬರೆಯಿರಿ” ಎಂದು ಅವರೇ ಹೇಳಿದರು.

ಆದ್ದರಿಂದ ಬಿದ್ದ ಮೇಲೆ ಅನುಸರಿಸಬೇಕಾದ ಕ್ರಮ ಹೀಗೆ:

(ಅ) ಕೂಡಲೇ ಏಳಬೇಡಿ. ರಸ್ತೆಯ ಮಧ್ಯದಲ್ಲಿದ್ದರೆ ಮಾತ್ರ ಬದಿಗೆ ಸರಿಯಿರಿ. ಕೈಕಾಲು, ಕುತ್ತಿಗೆ ಆಡುತ್ತವೆಯೇ ನೋಡಿಕೊಳ್ಳಿ. ಕುತ್ತಿಗೆ ಅಥವಾ ಬೆನ್ನು ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ ಅಲ್ಲಾಡದೆ ಮಲಗಿ 108ಕ್ಕೆ ಕರೆ ಮಾಡಿಸಿ.

(ಆ) ಎಂಜಿನ್ ಆರಿಸಿ. ಪೆಟ್ರೋಲು ಸೋರುತ್ತಿದ್ದರೆ ಹತ್ತಿರ ಬೀಡಿ ಸಿಗರೇಟು ಸೇದಗೊಡಬೇಡಿ.

(ಇ) ಗಾಡಿಯನ್ನು ಒಬ್ಬರೇ ಎತ್ತುವ ಹಟ ಬೇಡ. ಅನಿವಾರ್ಯವಾದರೆ ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಕಾಲಿನ ಬಲದಿಂದ ಹಿಂದಕ್ಕೆ ಒತ್ತುತ್ತ ಎದ್ದೇಳಬೇಕು. ಬಗ್ಗಿ ಸೊಂಟದ ಬಲದಿಂದ ಎತ್ತಬಾರದು. ಗಾಡಿ ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡು ಹೊರಗೆ ತೆಗೆದಿಡಿ.

(ಈ) ಸೈಲೆನ್ಸರ್ ತಾಗಿ ಸುಟ್ಟಿದ್ದರೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್ ಬೇಡ. ಗಾಯಕ್ಕೆ ಕಾಫಿ ಪುಡಿ ಮೆತ್ತುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಕಾಫಿ ಬೆಳೆಯುವವರೇ ಹೇಳುತ್ತಿದ್ದೇವೆ, ಅದು ಕುಡಿಯಲಿಕ್ಕೆ ಮಾತ್ರ. ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

(ಉ) ಕೈ ಊರಿ ಬಿದ್ದು ಹೆಬ್ಬೆರಳಿನ ಬುಡದಲ್ಲಿ ನೋವಿದ್ದರೆ ಉಳುಕು ಎಂದು ನೀವೇ ತೀರ್ಮಾನಿಸಬೇಡಿ. ಅಲ್ಲಿನ ಸಣ್ಣ ಮೂಳೆಯ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆ, ಹತ್ತು ಹದಿನಾಲ್ಕು ದಿನದ ಮೇಲೆ ಮತ್ತೆ ತೆಗೆದಾಗ ಕಾಣುವುದುಂಟು. ವೈದ್ಯರು ಮತ್ತೆ ಬನ್ನಿ ಎಂದರೆ ಹೋಗಬೇಕು.

(ಊ) ತಲೆಗೆ ಪೆಟ್ಟು ಬಿದ್ದಿದ್ದರೆ ಆಗ ಚೆನ್ನಾಗಿದ್ದರೂ ಮನೆಯವರಿಗೆ ಹೇಳಲೇಬೇಕು. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೋರುತ್ತಿದ್ದರೆ ಮನುಷ್ಯ ಕೆಲವು ಗಂಟೆ ಸರಿಯಾಗಿಯೇ ಇದ್ದು ಆಮೇಲೆ ಕುಸಿಯಬಹುದು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಮಾತು, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬರುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಲಕ್ಷಣಕ್ಕಾಗಿ ಕಾಯದೆ ಅಂದೇ ತೋರಿಸಬೇಕು. ಹೇಳದೆ ಹೋಗಿ ಮಲಗಿದವರನ್ನು ಮನೆಯವರು ಆಯಾಸದ ನಿದ್ದೆ ಎಂದೇ ತಿಳಿಯುತ್ತಾರೆ.

ಬಿದ್ದು ಪೆಟ್ಟಾಗಿದ್ದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು, ಹೊರಗೆ ಗೀರು ಕಾಣದಿದ್ದರೂ ಒಳಗಿನ ಥರ್ಮಕೋಲು ಕುಗ್ಗಿರುತ್ತದೆ. ಹೊಸದು ಕೊಳ್ಳುವಾಗ ಐಎಸ್ಐ ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ನೋಡಬೇಕು. ಕೈಗೆ ನೇತುಹಾಕಿಕೊಂಡ ಹೆಲ್ಮೆಟ್ಟು ಮೊಣಕೈಯನ್ನಷ್ಟೇ ಕಾಯುತ್ತದೆ.

ವಿಮೆಯ ಮಾತನ್ನೂ ಹೇಳಬೇಕು. ಮಾಲೀಕರೇ ಗಾಡಿ ಓಡಿಸುವಾಗ ಸಂಭವಿಸುವ ಸಾವು ಅಥವಾ ಶಾಶ್ವತ ಅಂಗವಿಕಲತೆಗೆ ಇರುವ ವೈಯಕ್ತಿಕ ಅಪಘಾತ ವಿಮೆಯ ಮೊತ್ತವನ್ನು 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿಸಲಾಯಿತು. ಉಳುಕೆಂದು ಹೇಳಿ ಮುಚ್ಚಿಟ್ಟ ಅಪಘಾತಕ್ಕೆ ಯಾವ ದಾಖಲೆಯೂ ಇರುವುದಿಲ್ಲ, ದಾಖಲೆ ಇಲ್ಲದೆ ಹಣ ಬರುವುದಿಲ್ಲ.

8. ಬೈಯುವವರಿಗೆ ಒಂದು ಮಾತು

ಹಲವು ಮನೆಗಳಲ್ಲಿ ಒಂದೇ ಬೈಕನ್ನು ಯಜಮಾನರು, ಮಗ, ತೋಟದ ಕೆಲಸಗಾರರು ಎಲ್ಲರೂ ಬಳಸುತ್ತಾರೆ. ಒಂದು ತೋಟದಲ್ಲಿ ಕೆಲಸದ ಹುಡುಗ ಡೀಸೆಲ್ ತರಲು ಹೋಗಿ ಬಿದ್ದ. ಮುಂದಿನ ಬ್ರೇಕಿನ ಸನ್ನೆ ಬಗ್ಗಿತು. ಹೇಳಿದರೆ ಬೈಗುಳ, ಸಂಬಳದಲ್ಲಿ ಕಡಿತ ಎಂದು ಹೆದರಿ ಕಲ್ಲಿನಿಂದ ಬಡಿದು ನೆಟ್ಟಗೆ ಮಾಡಿ ನಿಲ್ಲಿಸಿದ. ಮರುದಿನ ಯಜಮಾನರ ಮಗಳು ಕಾಲೇಜಿಗೆ ಹೊರಟಳು. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಸನ್ನೆ ಮುರಿದು ಕೈಗೆ ಬಂತು. ಆ ಹುಡುಗಿ ಗಟ್ಟಿಗಿತ್ತಿ. ಗೇರು ಇಳಿಸಿ, ಹಿಂದಿನ ಬ್ರೇಕ್ ಒತ್ತಿ, ಮಣ್ಣಿನ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದಳು. ಭುಜದ ಮೂಳೆ ಮುರಿಯಿತು, ಜೀವ ಉಳಿಯಿತು.

ಅಲ್ಲಿ ತಪ್ಪು ಯಾರದು? ಹುಡುಗ ಬಿದ್ದದ್ದನ್ನು ತಪ್ಪೆನ್ನಲಾಗದು, ಆ ರಸ್ತೆಯಲ್ಲಿ ಯಾರೂ ಬೀಳಬಹುದು. ಮುಚ್ಚಿಟ್ಟದ್ದು ತಪ್ಪು. ಆದರೆ ಮುಚ್ಚಿಡುವಂತೆ ಮಾಡಿದ್ದು ಆ ಮನೆಯ ಬೈಗುಳ. ಗಾಡಿ ಬಿದ್ದಿತೆಂದು ಯಾರೇ ಬಂದು ಹೇಳಲಿ, ಮೊದಲು “ಪೆಟ್ಟಾಯಿತೇ?” ಎಂದು ಕೇಳಬೇಕು. ಆಮೇಲೆ ಬ್ರೇಕು, ಕ್ಲಚ್ಚಿನ ಸನ್ನೆಗಳು, ಹ್ಯಾಂಡಲ್, ಕಾಲಿಡುವ ಮೆಟ್ಟು, ದೀಪ ಇವನ್ನು ಜೊತೆಯಲ್ಲಿ ನಿಂತು ನೋಡಬೇಕು. ಬಗ್ಗಿದ ಸನ್ನೆಯನ್ನು ನೆಟ್ಟಗೆ ಮಾಡದೆ ಬದಲಾಯಿಸಬೇಕು. ಅದಕ್ಕೆ ತಗಲುವ ಹಣವನ್ನು ಸಂಬಳದಲ್ಲಿ ಹಿಡಿಯಬಾರದು. ಹಾಗೆ ಹಿಡಿದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ನಗುವುದನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ದಣಪೆಯ ಕತೆ ಕೇಳಿ ನಗದವರು ಯಾರು? ಬಿದ್ದವರು ಎದ್ದು ಕುಳಿತು, ನೀರು ಕುಡಿದು, ಪೆಟ್ಟಿಲ್ಲವೆಂದು ಖಚಿತವಾದ ಮೇಲೆ ಅವರ ಜೊತೆ ಕೂಡಿ ನಗೋಣ. ಅದಕ್ಕೂ ಮೊದಲು ನಕ್ಕರೆ ಅವರು ಮುಂದೆ ಹೇಳುವುದೇ ಇಲ್ಲ.

ಸದಸ್ಯರಲ್ಲಿ ವಿಜ್ಞಾಪನೆ

ಸಂಘದ ಕಚೇರಿಯಲ್ಲಿ ಧಾರಣೆ ಬರೆಯುವ ಹಲಗೆಯ ಕೆಳಗೆ ಒಂದು ನೋಟು ಪುಸ್ತಕ ಇಟ್ಟಿದ್ದೇವೆ. ಎಲ್ಲಿ ಬಿದ್ದಿರಿ, ಏಕೆ ಬಿದ್ದಿರಿ, ಏನಾಯಿತು ಎಂದು ಮೂರು ಸಾಲು ಬರೆದರೆ ಸಾಕು. ಹೆಸರು ಬೇಡ. ಒಂದೇ ತಿರುವು, ಒಂದೇ ಮೋರಿ ಮೂರು ನಾಲ್ಕು ಸಲ ಬಂದರೆ ಅದನ್ನು ಪಟ್ಟಿ ಮಾಡಿ ಗ್ರಾಮ ಪಂಚಾಯಿತಿಗೆ ಕೊಡುತ್ತೇವೆ. ಮಳೆಗೆ ಮೊದಲು ಪಾಚಿ ಕೆರೆಸುವ ಜಾಗಗಳನ್ನು ಸದಸ್ಯರಿಗೂ ತಿಳಿಸುತ್ತೇವೆ. ಪುಸ್ತಕಕ್ಕೆ ಪೆನ್ನು ಕಟ್ಟಿದೆ, ದಯವಿಟ್ಟು ಪೆನ್ನನ್ನು ಅಲ್ಲಿಯೇ ಬಿಡಬೇಕಾಗಿ ವಿನಂತಿ.

ಕಾರ್ಯದರ್ಶಿ